ನೂರಾ ನಲವತ್ತು ಫೋನುಗಳ ಪೆಟ್ಟಿಗೆ

"ಹಿಂದ ಸರೀರಿ ಮೇಡಂ! ಓಢಣಿ... ಓಢಣಿ ಸಿಗತೈತಿ!"

ಕೂಗು ಮುಗಿಯುವ ಮೊದಲೇ ಯಾರೋ ಅವಳ ತೋಳು ಹಿಡಿದು ಎಳೆದಿದ್ದರು. ಅವಳ ದುಪಟ್ಟಾದ ತುದಿಯಿಂದ ಗೇಣು ದೂರದಲ್ಲಿ ಮಗ್ಗದ ಬೆಲ್ಟು ತಿರುಗುತ್ತಿತ್ತು.

ಪ್ರಣಾಲಿಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಮೂರು ವರ್ಷದಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ.

"ಸಾಯಾಕ ಬಂದೀರೇನು?" ಎಳೆದವನು ಗದರಿದ.

"ಸಿಗ್ನಲ್ ಅಳ್ಯಾಕ ಬಂದೇನ್ರಿ."

"ಒಳಗ ಫೋನ್ ತರೂಹಂಗಿಲ್ರಿ. ಫೋನ್ ನೋಡಕೋತ ಬೆರಳು ಕಳಕೊಂಡವ್ರು ಅದಾರ ಇಲ್ಲೆ. ಪೆಟಗ್ಯಾಗ ಹಾಕ್ರಿ."

ಬಾಗಿಲ ಬಳಿ ದೊಡ್ಡ ಮರದ ಪೆಟ್ಟಿಗೆ. ಪಾಳಿಗೆ ಬಂದವರೆಲ್ಲ ಅದರಲ್ಲಿ ಫೋನು ಹಾಕಿಯೇ ಮಗ್ಗಕ್ಕೆ ಹೋಗಬೇಕು. ನೂರಾ ನಲವತ್ತು ಫೋನುಗಳು ಒಳಗೆ ಮಿಣುಗುತ್ತ, ಗುಂಯ್‌ಗುಡುತ್ತ ಬಿದ್ದಿದ್ದವು.

ಅವಳ ಬಳಿ ಎರಡಿದ್ದವು. ಒಂದನ್ನು ಕೊಟ್ಟಳು. ಇನ್ನೊಂದಕ್ಕೆ ಅವನು ಕೈ ಚಾಚಿದ...

"ಅದನ್ನ ಮುಟ್ಟಬ್ಯಾಡ್ರಿ!"

ಪರದೆಯ ಚಿತ್ರದಲ್ಲಿ ಒಬ್ಬ ಗಂಡಸು ನಗುತ್ತಿದ್ದ. ಚಿತ್ರ ನೋಡಿ, ಎಳೆದವನು ಕೈ ಹಿಂದೆಗೆದುಕೊಂಡ.

"ನಿಮ್ಮ ಮಾಲಕರೇನ್ರಿ?"

"ಇದ್ರು."

ಅದು ತೀರಿಹೋದ ಗಂಡ ವೈಭವನ ಫೋನು. ಕೈ ಚಾಚಿದವನು ಎಣ್ಣೆ ಮೆತ್ತಿದ ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಿಂತ.

ಅವನು ಅವಿನಾಶ, ಆ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್. ಅವಳು ಕೊಲ್ಹಾಪುರದಲ್ಲಿ ಎಂ.ಟೆಕ್. ಓದಿದವಳು. ಅವಳ ಕಂಪನಿ ಇಚಲಕರಂಜಿಯ ಟವರಿಗೆ ಹೊಸ ಆಂಟೆನಾ ಹಾಕಿ ಪರೀಕ್ಷಿಸುತ್ತಿತ್ತು. ಹಳೆಯದು ಬೀದಿದೀಪದಂತೆ ಎಲ್ಲ ಕಡೆ ಒಂದೇ ಸಮ ಸಿಗ್ನಲ್ ಚೆಲ್ಲುತ್ತಿತ್ತು. ಹೊಸದು ಬ್ಯಾಟರಿಯ ಬೆಳಕಿನಂತೆ, ಬೇಕಾದ ಕಡೆ ಸಿಗ್ನಲಿನ ಬೀಮು ತಿರುಗಿಸುತ್ತಿತ್ತು. ಕರೆಂಟು ಉಳಿಯಲೆಂದು ಬೀಮುಗಳನ್ನು ದಿಕ್ಕಿಗೊಂದರಂತೆ ಕಡಿಮೆ ಮಾಡಿದವಳು ಪ್ರಣಾಲಿ. 'ಫೋನು ಹೆಚ್ಚಿದ್ದಲ್ಲಿಗೆ ತಿರುಗು' ಎಂದು ಪ್ರೋಗ್ರಾಂ ಬರೆದವಳೂ ಅವಳೇ.

ಶೆಡ್ಡಿನ ಹಿಂದಿನ ಚಾಳಿನ ಸಾಲುಮನೆಗಳಲ್ಲಿ ಧೊಂಡುಬಾಯಿಯ ಒಂದು ಕೋಣೆ, ಖೋಲಿ, ಅವಳಿಗೆ ಬಾಡಿಗೆಗೆ ಸಿಕ್ಕಿತು. ಧೊಂಡುಬಾಯಿ ಅವಿನಾಶನ ಸೋದರತ್ತೆ. ಅವನು ಊಟಕ್ಕೆ ಅಲ್ಲಿಗೇ ಬರುತ್ತಿದ್ದ. ಏನಾದರೂ ಹೇಳಿ ನಗುತ್ತಿದ್ದ. ಪ್ರಣಾಲಿ ನಗದಿದ್ದರೆ, "ಟಾವರ್ ಬಾಯಾರಿಗೇ ರೇಂಜ್ ಇಲ್ಲ ನೋಡ್ ಆತ್ಯಾ!" ಎನ್ನುತ್ತಿದ್ದ.

ಎಂಟು ತಿಂಗಳ ಮೇಲೆ ಒಂದು ದಿನ ಅವಳು ನಕ್ಕುಬಿಟ್ಟಳು. ಆಮೇಲೆ ಖೋಲಿಗೆ ಹೋಗಿ, ವೈಭವನ ಫೋನಿಗೆ ಚಾರ್ಜರ್ ಸಿಕ್ಕಿಸಿ, ಗೋಡೆ ನೋಡುತ್ತ ಕೂತಳು.

ನಾನು ನಗಬಹುದೇ?

ಗುರುವಾರ ಅವಿನಾಶ ಬಾಗಿಲಲ್ಲಿ ಬಂದು ನಿಂತ. ಅವತ್ತು ನಗಲಿಲ್ಲ.

"ಗಡಹಿಂಗ್ಲಜಕ್ಕ ಹೊಂಟೇನ್ರಿ. ಸಿದ್ದರಾಯ ಮಾಮಾ ಹುಡುಗಿ ನೋಡ್ಯಾನ. ರವಿವಾರ ಸಾಖರಪುಡಾ ಮಾಡಿ ಲಗ್ನ ಗಟ್ಟಿ ಮಾಡೂಣು ಅಂತಾನ. ನನ್ನ ಮನಸ್ಸು ಎಲ್ಲೈತಿ ಅಂತ ನಿಮಗ ಗೊತ್ತೈತಿ. ನಾಳೆ ಮೂರಕ್ಕ ಫೋನ್ ಮಾಡ್ತೀನಿ. ಏನೂ ಹೇಳಬ್ಯಾಡ್ರಿ... ಎತ್ರಿ ಸಾಕು. ಎತ್ತಲಿಲ್ಲಂದ್ರ ತಿಳಕೋತೀನಿ."

ಶುಕ್ರವಾರ ಎರಡೂವರೆಗೇ ಅವಳು ಫೋನು ಹಿಡಿದು ಕೂತಳು. ಪರದೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಕಾಣುತ್ತಿತ್ತು. ಅಷ್ಟು ಸಾಕು ಅಂದುಕೊಂಡಳು.

ಮೂರಾಯಿತು. ನಾಲ್ಕಾಯಿತು.

ಫೋನು ರಿಂಗಾಗಲೇ ಇಲ್ಲ.

ಸರಿಯೇ. ವಿಧವೆಯನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ? ಅವನಿಗೂ ತಿಳಿಯಿತು.

ಅಳು ಬರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಶನಿವಾರ ಬೆಳಿಗ್ಗೆ ಎಂಟಕ್ಕೆ, ಪಾಳಿ ಬದಲಾಗುವ ಹೊತ್ತಿಗೆ, ಧೊಂಡುಬಾಯಿ ಅವಿನಾಶನೊಡನೆ ಮಾತಾಡಿ ಫೋನು ಕೆಳಗಿಟ್ಟು ಅವಳ ಖೋಲಿಗೆ ನುಗ್ಗಿದಳು.

"ಒಲ್ಲೆ ಅನ್ನೂದಿದ್ರ ಬಾಯಿಲೆ ಅನಬೇಕಿತ್ತವಾ! ಏಳು ಸಲ ಹಚ್ಚ್ಯಾನಂತ ಅಂವ. ಫೋನ್ ಬಂದ್ ಮಾಡಿ ಕುಂತಿಯಂತ!"

"ನಾ ಬಂದ್ ಮಾಡಿಲ್ಲ ಮಾವಶಿ! ಕೈಯಾಗ ಹಿಡಕೊಂಡ ಕುಂತಿದ್ದೆ!"

"ಟಾವರ್ ಮಾಡಾಕಿಗೇ ರೇಂಜ್ ಇರಲಿಲ್ಲಂದ್ರ ಯಾರು ನಂಬ್ತಾರ? ಇವತ್ತ ಸಂಜೀಕ ಮಾಮಾಗ ಹ್ಞೂಂ ಅಂತೀನಿ ಅಂದಾನ."

ಪ್ರಣಾಲಿ ಅವನ ನಂಬರು ಒತ್ತಿದಳು. ಬಂದ್. ಮತ್ತೆ ಒತ್ತಿದಳು. ಬಂದ್.

ಲ್ಯಾಪ್‌ಟಾಪ್ ತೆರೆದು ಆಂಟೆನಾದ ನಿನ್ನೆಯ ಮೂರು ಗಂಟೆಯ ದಾಖಲೆ ನೋಡಿದಳು. ಬೀಮು ಚಾಳಿನ ಕಡೆ ತಿರುಗಿಯೇ ಇರಲಿಲ್ಲ; ಕಂಡ ಆ ಒಂದು ಕಡ್ಡಿ ಕರೆ ಮುಟ್ಟಿಸುವಷ್ಟಿರಲಿಲ್ಲ. ಪಾಳಿಯುದ್ದಕ್ಕೂ ಒಂದೇ ಜಾಗಕ್ಕೆ ನೆಟ್ಟಿತ್ತು... ಶೆಡ್ಡಿನ ಬಾಗಿಲಿಗೆ.

ಮರದ ಪೆಟ್ಟಿಗೆ!

ಅಲ್ಲಿ ನೂರಾ ನಲವತ್ತು ಫೋನು, ಎತ್ತುವವರು ಒಬ್ಬರೂ ಇಲ್ಲ. ಜನರಿದ್ದಾರೆಂದು ಆಂಟೆನಾ ತಿಳಿದಿತ್ತು; ಪಾಳಿ ಬದಲಾಗಿ ಪೆಟ್ಟಿಗೆ ಖಾಲಿಯಾದಾಗಷ್ಟೇ ಚಾಳಿಗೆ ಕರೆ ಬರುತ್ತಿತ್ತು, ಈಗ ಧೊಂಡುಬಾಯಿಗೆ ಬಂದಂತೆ. ಆ ಪೆಟ್ಟಿಗೆಯನ್ನು ಕಣ್ಣಾರೆ ಕಂಡಿದ್ದ ಅವಳಿಗೂ ಹೊಳೆದಿರಲಿಲ್ಲ.

ಅವಳು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದಳು: ಒಂದೇ ಕಡೆ ಬಿದ್ದಿರುವ, ಯಾರೂ ಎತ್ತದ ಫೋನನ್ನು ಲೆಕ್ಕಕ್ಕೆ ಹಿಡಿಯಬೇಡ.

ಬರೆದು ತಲೆಯೆತ್ತಿದರೆ, ಎದುರಿಗೆ ಚಾರ್ಜಿಗೆ ಹಾಕಿದ ವೈಭವನ ಫೋನು.

ಎಷ್ಟೋ ಹೊತ್ತು ನೋಡಿದಳು. ಆಮೇಲೆ ಚಾರ್ಜರ್ ಕಿತ್ತಳು. ಆಗ ಅಳು ಬಂತು... ಮೂರು ವರ್ಷದ ಅಳು.

ಗಡಹಿಂಗ್ಲಜದ ಬಸ್ಸಿನಲ್ಲಿ ಕಾಗಲ್ ದಾಟುವವರೆಗೂ ಸರಳು ಹಿಡಿದು ನಿಂತೇ ಇದ್ದಳು. ಹ್ಞೂಂ ಅಂದುಬಿಟ್ಟರೆ? ಆ ಹುಡುಗಿಯ ಮನೆಗೆ ಸುದ್ದಿ ಹೋಗಿಬಿಟ್ಟರೆ?

ಗಡಹಿಂಗ್ಲಜದ ಸ್ಟ್ಯಾಂಡಿನ ಹಿಂದೆ ಸಿದ್ದರಾಯನ ಟ್ರ್ಯಾಕ್ಟರ್ ಗ್ಯಾರೇಜು. ಅವಿನಾಶ ಇಂಜಿನಿನ ಮೇಲೆ ಬಗ್ಗಿದ್ದ.

"ಹ್ಞೂಂ ಅಂದ್ರ್ಯಾ?" ಏದುಸಿರಿನಲ್ಲಿ ಕೇಳಿದಳು.

ಅವನು ತಿರುಗಿದ. ಕೈಯಿಂದ ಸ್ಪ್ಯಾನರ್ ಜಾರಿತು.

"ಹ್ಞೂಂ ಅನ್ನೂದು ಬಾಯಾಗ ಬರವಲ್ದ್ರಿ," ಅಂದ. ಮತ್ತೆ ಮುಖ ಗಂಟಿಕ್ಕಿಕೊಂಡು, "ಟಾವರ್ ಬಾಯಾರಿಗೇ ರೇಂಜ್ ಇರಲಿಲ್ಲೇನ್ರಿ?"

"ಇರಲಿಲ್ರಿ! ನಿಮ್ಮ ಪೆಟಗಿ ಎಲ್ಲಾ ತಿಂದಿತ್ತು!"

ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಅವನು ಬಾಯಿ ತೆರೆದುಕೊಂಡು ಕೇಳಿದ.

"ಆ ಆಂಟೆನಾದ್ದ ಏನ್ ತಪ್ಪರಿ," ಅವಳ ದನಿ ಕುಗ್ಗಿತು. "ಮೂರ ವರ್ಷ ನಾನೂ ಹಂಗ ಇದ್ದೆ. ಯಾರೂ ಎತ್ತದ ಫೋನಿನ ಕಡೇನ ತಿರಗಿ..."

"ಅವರನ್ನ ಮರೀಬ್ಯಾಡ್ರಿ. ನಾ ಹಂಗ ಕೇಳೂದಿಲ್ಲ."

"ಮರಿಯೂದಿಲ್ರಿ. ಚಾರ್ಜಿಗೆ ಹಾಕೂದು ಬಿಟ್ಟೇನಿ, ಅಷ್ಟ."

ಅವನು ಹತಾರದ ಡಬ್ಬಿಯ ಅಡಿಯಿಂದ ತನ್ನ ಫೋನು ಹುಡುಕಿ ತೆಗೆದು ಚಾಲೂ ಮಾಡಿದ. ಒಂದು ನಂಬರು ಒತ್ತಿದ.

ಅವಳ ಕೈಯಲ್ಲಿದ್ದ ಫೋನು ರಿಂಗಾಯಿತು. ಎರಡು ಮಾರು ದೂರದಲ್ಲಿ ನಿಂತು, ಅವಳು ಎತ್ತಿದಳು.

"ಹಲೋ... ಕೇಳಾಕತ್ತೈತೇನ್ರಿ?"

"ಹ್ಞೂಂ," ಅಂದಳು ಪ್ರಣಾಲಿ. "ಕೇಳಾಕತ್ತೈತ್ರಿ."