ಹೆಂಗಸರ ವಾರ್ಡಿನ ರಕ್ತಸ್ರಾವದ ಪತ್ತೆ

"ಅಣ್ಣಾ, ನಾಳೆ ಸಂಜೆಗೆ ಕೆಲಸ ಬಿಡು ಅಂದ್ಬಿಟ್ರು!"

ನರ್ಸ್ ಆಗಿದ್ದ ನನ್ನ ತಂಗಿ ದಾಖಲೆ ಕೋಣೆಗೆ ಅಳುತ್ತ ನುಗ್ಗಿದಾಗ ನಾನು ಟೈಪ್ ಮಾಡುವುದನ್ನು ಬಿಟ್ಟು ಎದ್ದೆ. ನಾನು ಅದೇ ಆಸ್ಪತ್ರೆಯ ಟೈಪಿಸ್ಟ್. ಎದುರಿಗೆ ಕೂತಿದ್ದವರು ಹಳೆಯ ಕಡತಗಳನ್ನು ಕಾಯುವವರು, ಎಲ್ಲರ ಬಾಯಲ್ಲೂ 'ಕಡತದ ಮಾಮ'. ಆಸ್ಪತ್ರೆಯಲ್ಲಿ ಏನೇ ಒಗಟು ಎದ್ದರೂ ಜನ ಓಡಿಬರುತ್ತಿದ್ದದ್ದು ಅವರ ಹತ್ತಿರಕ್ಕೇ.

ಹೃದಯದ ಪುಟ್ಟ ಚೀಲವೊಂದರಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅದಕ್ಕೇ ತೊಡೆಯಿಂದ ಕೊಳವೆ ತೂರಿಸಿ ಚೀಲದ ಬಾಯಿ ಮುಚ್ಚುತ್ತಾರೆ. ಕೊಳವೆ ತೆಗೆದ ಜಾಗವನ್ನು ಒತ್ತಿ ಹಿಡಿಯುವುದು ತಂಗಿಯ ಕೆಲಸ. ಮೂರು ತಿಂಗಳಲ್ಲಿ ಐದು ಹೆಂಗಸರಿಗೆ ಅಲ್ಲಿ ವಿಪರೀತ ರಕ್ತ ಹೋಗಿತ್ತು. ಪುಣ್ಯಕ್ಕೆ ಐವರೂ ಬದುಕಿದ್ದರು; ದೂರು ಮಾತ್ರ ತಂಗಿಯ ಮೇಲೆ ಬಂದಿತ್ತು.

"ಗಂಡಸರಿಗೆ ಒತ್ತೋರು ಯಾರಮ್ಮ?" ಎಂದರು ಮಾಮ.

"ನಾನೇ. ಅವರಲ್ಲಿ ಒಬ್ರಿಗೂ ಹೀಗಾಗಿಲ್ಲ."

ಮಾಮ ಹೋಗಿ ಇದನ್ನೇ ಹೇಳಿದರೂ ಮುಖ್ಯ ವೈದ್ಯರು ಜಗ್ಗಲಿಲ್ಲ. "ಹೆಂಗಸರ ರಕ್ತನಾಳ ಸಣ್ಣದು ಕಣ್ರೀ, ರಕ್ತ ಹೋಗೋದು ಅವರಿಗೇ ಜಾಸ್ತಿ. ಇವಳು ಇನ್ನೂ ಜೋಪಾನವಾಗಿ ಒತ್ತಬೇಕಿತ್ತು."

"ಜಾಸ್ತಿ, ಸರಿ ಸಾರ್. ಆದ್ರೆ ಹೋದ ವರ್ಷವೆಲ್ಲ ಒಬ್ರಿಗೆ, ಈಗ ಮೂರೇ ತಿಂಗಳಲ್ಲಿ ಐದು ಜನಕ್ಕಾ?" ಎನ್ನುತ್ತ ಮಾಮ ಹೆಂಗಸರ ವಾರ್ಡಿಗೆ ನಡೆದರು. ನಾನು ಬೆನ್ನಿಗೆ ಬಿದ್ದೆ.

ಮರುದಿನ ಆಗಬೇಕಿದ್ದ ಅದೇ ಚಿಕಿತ್ಸೆಗೆ ಕಾದಿದ್ದ ಸಣಕಲು ಅಜ್ಜಿಯೊಬ್ಬರು ನಮ್ಮನ್ನು ಕಂಡು ನಕ್ಕರು. "ಮನೇಲಿ ನಲವತ್ತೆಂಟು ಕೆಜಿ ಇದ್ದೆ, ಇಲ್ಲಿ ಬಂದ ದಿನವೇ ಅರವತ್ತು! ನಿಮ್ಮ ಆಸ್ಪತ್ರೆ ಗಾಳಿಗೇ ದಪ್ಪಗಾದೆ ಕಣಪ್ಪಾ."

ನಾನು ನಕ್ಕೆ. ಮಾಮ ನಗಲಿಲ್ಲ. ವಾರ್ಡಿನ ಆಯಾಳನ್ನು ಕರೆದು, ತೂಕ ಹೇಗೆ ನೋಡ್ತೀಯ ಎಂದು ಕೇಳಿದರು.

"ಕುರ್ಚಿ ಸಮೇತ ಕೂರಿಸಿ. ಹಿಂದೆ ಯಾರೋ ತಲೆಸುತ್ತಿ ಬಿದ್ರಂತೆ, ಆವತ್ತಿಂದ ಹೆಂಗಸರಿಗೆಲ್ಲ ಹಾಗೇ. ಗಂಡಸರು ನಿಂತ್ಕೋತಾರೆ."

"ನೀನು ಸೇರಿ ಎಷ್ಟು ದಿನ ಆಯ್ತು?"

"ಮೂರು ತಿಂಗಳು."

ಸಂಜೆ ಮಾಮ ಎಲ್ಲರನ್ನೂ ವಾರ್ಡಿಗೆ ಕರೆಸಿ, ಖಾಲಿ ಕುರ್ಚಿಯನ್ನು ತಕ್ಕಡಿಯ ಮೇಲಿಟ್ಟರು. ಮುಳ್ಳು ಹನ್ನೆರಡಕ್ಕೆ ನಿಂತಿತು.

"ಹಳೇ ಆಯಾ ಈ ಹನ್ನೆರಡು ಕಳೆದು ಬರೀತಿದ್ದಳು. ಅವಳ ಕಾಲದ ಕಡತಗಳಲ್ಲಿ ಹೊರಗಿನ ವೈದ್ಯರ ಚೀಟಿಯಲ್ಲಿರೋ ತೂಕಕ್ಕೂ ನಮ್ಮ ತೂಕಕ್ಕೂ ಸರಿಹೊಂದುತ್ತೆ. ಅವಳು ನಿವೃತ್ತಿಯಾದ ಮೇಲೆ ಐವರಿಗೂ ಹನ್ನೆರಡು ಕೆಜಿ ಜಾಸ್ತಿ. ರಕ್ತ ತೆಳು ಮಾಡೋ ಮದ್ದನ್ನ ತೂಕ ನೋಡಿ ತಾನೆ ಕೊಡೋದು? ಕುರ್ಚಿಗೂ ಸೇರಿಸಿ ಕೊಟ್ರಿ ಸಾರ್! ಹೆಂಗಸರಿಗೆ ಇದು ಇದ್ದದ್ದೇ ಅಂದ್ಕೊಂಡ್ರಿ. ಅದಕ್ಕೇ ಯಾರೂ ಹುಡುಕಲಿಲ್ಲ."

ಆಯಾ ಬಿಕ್ಕಿದಳು. "ನಿನಗೆ ಯಾರೂ ಹೇಳಿಕೊಡಲಿಲ್ಲ, ಅಳಬೇಡ," ಎಂದರು ಮಾಮ.

ವೈದ್ಯರ ಮುಖ ಬಾಡಿತು. ತಂಗಿಯ ಮುಂದೆ ನಿಂತು, "ತಪ್ಪು ನನ್ನದಮ್ಮ, ಕ್ಷಮಿಸು. ನೀನು ಎಲ್ಲೂ ಹೋಗಬೇಡ," ಎಂದರು.

"ನಾಳೆ ನನಗೆ ಒತ್ತೋಕೆ ಈ ಮಗಳೇ ಬೇಕು," ಎಂದು ಹಾಸಿಗೆಯಿಂದಲೇ ಅಜ್ಜಿ ಕೂಗಿದರು.

ಮರುದಿನ ಅಜ್ಜಿಗೆ ಮದ್ದು ಕೊಟ್ಟದ್ದು ನಲವತ್ತೆಂಟು ಕೆಜಿ ಲೆಕ್ಕಕ್ಕೆ. ಮಧ್ಯಾಹ್ನ ತಂಗಿ ಓಡಿಬಂದಳು. "ಅಣ್ಣಾ, ಅಜ್ಜಿ ತೊಡೆಯ ಪಟ್ಟಿ ಒಣಗಿಯೇ ಇದೆ, ಒಂದು ಹನಿ ರಕ್ತ ಇಲ್ಲ!"

ನಾನು ಮಾಮನ ಎರಡೂ ಕೈ ಹಿಡಿದುಕೊಂಡೆ. "ನಿಮ್ಮ ಉಪಕಾರ ಸಾಯೋವರೆಗೂ ಮರೆಯೋದಿಲ್ಲ ಮಾಮ."

"ಕೈ ಬಿಡೋ, ಟೈಪ್ ಮಾಡೋದಿದೆ. ಆ ಐದು ಮನೆಗೂ ಪತ್ರ ಹೋಗಲಿ. ತಪ್ಪು ನಿಮ್ಮ ಮೈಯದಲ್ಲ, ನಮ್ಮದು ಅಂತ ಬರಿ."

ಬರೆದೆ. ಐದಕ್ಕೂ ಮುಖ್ಯ ವೈದ್ಯರೇ ರುಜು ಹಾಕಿದರು.