ಹಸಿರು ಗೌನಿನ ತೋಳು

ಸಿನಿಮಾ ಹೇಗಿತ್ತು ಅಂತ ಕೇಳಿದರೆ ಸಾಕು, ಮೆಡಿಕಲ್ ಶಾಪಿನವನ ತೀರ್ಪು ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಆಸ್ತಿಗೆ ಹೊಡೆದಾಡುವ ಅಣ್ಣತಮ್ಮಂದಿರ ಸಿನಿಮಾ ಬಂದಾಗ, "ಫಸ್ಟ್ ಹಾಫ್ ಪರವಾಗಿಲ್ಲ. ಸೆಕೆಂಡ್ ಹಾಫಲ್ಲಿ ಡೈರೆಕ್ಟರೂ ನಿದ್ದೆ ಮಾಡಿದ, ನಾನೂ ಮಾಡಿದೆ" ಅಂದ. ದೆವ್ವದ ಸಿನಿಮಾಕ್ಕೆ, "ದೆವ್ವ ಪಾಪ ಚೆನ್ನಾಗಿ ಆಕ್ಟ್ ಮಾಡಿದೆ. ಹೀರೋನ ನೋಡಿದ್ರೇ ಭಯ ಆಗೋದು" ಅಂದ. ಒಂದೇ ಸಿನಿಮಾವನ್ನು ಎರಡು ಸಲ ನೋಡುವವರಿಗೆ ಮಾತ್ರೆ ಕೊಡಬೇಕು ಅನ್ನುವುದು ಅವನ ಖಚಿತ ಅಭಿಪ್ರಾಯ.

ಇದನ್ನೆಲ್ಲ ಅವನು ಹೇಳುತ್ತಿದ್ದದ್ದು ಎದುರಿನ ಟೈಲರ್ ಅಂಗಡಿಯ ಬಾಗಿಲಿಗೆ ಒರಗಿಕೊಂಡು, ಹೊಲಿಗೆ ಮಿಷಿನ್ ಮುಂದೆ ಕೂತ ಪುಟ್ಟಿಗೆ. ಮೂವತ್ತರ ಹತ್ತಿರ ಬಂದು ಅಂಗಡಿಗೆ ತಾನೇ ಯಜಮಾನಿಯಾಗಿದ್ದರೂ, ಮೂಲೆಯಲ್ಲಿ ಗುಂಡಿ ಹಾಕುತ್ತಾ ಕೂರುವ ಚಿಕ್ಕಮ್ಮನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಥಿಯೇಟರಿಗೆ ಹೋಗಲು ಅವಳಿಗೆ ಪುರುಸೊತ್ತಿಲ್ಲ. ಗಿರಾಕಿಗಳು ಮಾತ್ರ "ಆ ಸಿನಿಮಾದಲ್ಲಿ ಹಾಕಿದ್ಲಲ್ಲ, ಅಂಥದ್ದು ಬೇಕು" ಅಂತ ಬರುತ್ತಿದ್ದರು. ಹಾಗಾಗಿ ಕತೆ ಮುಗಿದ ಮೇಲೆ ಅವಳದ್ದು ಒಂದೇ ಪ್ರಶ್ನೆ.

"ಹೀರೋಯಿನ್ ಏನು ಹಾಕಿದ್ಲು?"

"ಬಟ್ಟೆ."

"ಎಂಥ ಬಟ್ಟೆ?"

"ಚೆನ್ನಾಗಿರೋ ಬಟ್ಟೆ."

ಚಿಕ್ಕಮ್ಮ ನಗುತ್ತಿದ್ದಳು. ಪುಟ್ಟಿ ನಗು ತಡೆದುಕೊಂಡು ಬಟ್ಟೆಯ ಮೇಲೆ ಕಣ್ಣಿಡುತ್ತಿದ್ದಳು. ಅವನು ರಸ್ತೆ ದಾಟಿ ಹೋದಮೇಲೆ ಮಾತ್ರ ತಲೆಯೆತ್ತಿ, ಅವನ ಬೆನ್ನನ್ನು ಬೇಕಾದಷ್ಟು ನೋಡುತ್ತಿದ್ದಳು.

ಹೀಗೆ ಸುಖವಾಗಿದ್ದಾಗ ಹೊಸ ಪ್ರೇಮದ ಸಿನಿಮಾವೊಂದು ಬಂದು ಎಲ್ಲ ಕೆಡಿಸಿತು. ಆ ಸಲ ಅವನು ಕತೆಯ ಸುದ್ದಿಯನ್ನೇ ಎತ್ತಲಿಲ್ಲ.

"ಹಸಿರು ಗೌನು ರೀ. ಸೊಂಟದ ಹತ್ರ ಸಣ್ಣ ಸಣ್ಣ ಪ್ಲೀಟ್ಸು, ಎಲ್ಲಾ ಒಂದೇ ಕಡೆ ಮಡಿಚಿದ್ದು. ಬೆನ್ನಿಗೆ ಅದೇ ಬಟ್ಟೆ ಸುತ್ತಿರೋ ಗುಂಡಿ."

ಪುಟ್ಟಿಯ ಮಿಷಿನ್ ನಿಂತಿತು. ತಲೆಯೆತ್ತಿ ಅವನನ್ನೇ ನೋಡಿದಳು. ತನ್ನ ಅಂಗಿಯ ಗುಂಡಿ ಕಿತ್ತುಹೋಗಿದ್ದೂ ಗೊತ್ತಾಗದ ಮನುಷ್ಯನ ಬಾಯಲ್ಲಿ ಪ್ಲೀಟ್ಸು. ಪಕ್ಕದಲ್ಲಿ ಒಬ್ಬಳು ಕೂತು ಹೇಳಿಕೊಡದೆ ಇದು ಸಾಧ್ಯವೇ ಇಲ್ಲ.

"ಕೊನೇಲಿ ಏನಾಯ್ತು? ಮದುವೆ ಆಯ್ತಾ?" ಅಂತ ಕೇಳಿದಳು.

"ಅದನ್ನ ಸರಿಯಾಗಿ ನೋಡ್ಲಿಲ್ಲ. ನಾಳೆ ರಜೆ ಇದೆ, ಮ್ಯಾಟಿನಿಗೆ ಇನ್ನೊಂದ್ಸಲ ಹೋಗ್ತೀನಿ."

ಕೊನೆಯನ್ನೂ ನೋಡದಷ್ಟು ಮೈಮರೆತಿದ್ದನಂತೆ. ಅದೂ ಸಾಲದೆ ಎರಡನೇ ಸಲ ಬೇರೆ. ಪುಟ್ಟಿಯ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಅವನೇನು ತನಗೆ ಮಾತು ಕೊಟ್ಟಿದ್ದನೇ, ತಾನೇನು ಬಾಯಿಬಿಟ್ಟು ಹೇಳಿದ್ದಳೇ? ಯಾವುದೂ ಇಲ್ಲ. ಆದರೂ ಹೊಟ್ಟೆ ಉರಿಯುತ್ತಿತ್ತು. ಆ ಸಂಜೆ ಗಿರಾಕಿಯೊಬ್ಬರ ಕೋಟಿಗೆ ಎಡಗೈಯ ತೋಳನ್ನು ಬಲಗಡೆಗೆ ಕೂರಿಸಿ ಹೊಲಿದುಬಿಟ್ಟಳು.

ಚಿಕ್ಕಮ್ಮ ಹೊಲಿಗೆ ಬಿಚ್ಚುತ್ತಾ, "ಕೋಟು ಏನು ಪಾಪ ಮಾಡಿತ್ತೇ? ನಾಳೆ ನಾನಿರ್ತೀನಿ ಅಂಗಡೀಲಿ. ಹೋಗಿ ನೋಡ್ಕೊಂಡು ಬಾ" ಅಂದಳು.

"ಏನನ್ನ?"

"ಸಿನಿಮಾನ ಕಣೇ. ಮತ್ತೇನನ್ನ?"

ಮರುದಿನ ಮ್ಯಾಟಿನಿಗೆ ಪುಟ್ಟಿ ಕತ್ತಲಲ್ಲಿ ತಡಕಾಡಿಕೊಂಡು ಹೋಗಿ ಅವನ ಹಿಂದಿನ ಸಾಲಿನಲ್ಲೇ ಕೂತಳು. ಅವಳು ಅಂದುಕೊಂಡದ್ದೇ ಸರಿ. ಅವನ ಪಕ್ಕ ಒಬ್ಬಳು, ಗಿಡ್ಡ ಕೂದಲು, ಉದ್ದ ಓಲೆ. ಅವನು ಬಗ್ಗಿ ಏನೋ ಪಿಸುಗುಟ್ಟುತ್ತಿದ್ದ, ಅವಳು ಉತ್ತರ ಕೊಡುತ್ತಿದ್ದಳು. ಪರದೆಯ ಮೇಲೆ ಯಾರು ಯಾರನ್ನು ಪ್ರೀತಿಸಿದರೋ ಪುಟ್ಟಿಗೆ ಗೊತ್ತಿಲ್ಲ. ಟಿಕೆಟ್ ತಗೊಂಡು ಹೊಟ್ಟೆ ಉರಿಸಿಕೊಳ್ಳಲು ಬಂದಂತಾಯಿತು. ಕಣ್ಣು ತುಂಬಿ ಎದ್ದು ಹೋಗೋಣ ಅಂದುಕೊಳ್ಳುವಾಗ, ಓಲೆಯವಳ ಮಾತು ಕಿವಿಗೆ ಬಿತ್ತು.

"ರೀ ಸ್ವಾಮಿ, ನೀವ್ಯಾರೋ ನಾನ್ಯಾರೋ. ಬಂದಾಗಿಂದ ಆ ಕಾಲರ್‌ಗೆ ಏನಂತಾರೆ, ಈ ತೋಳಿಗೆ ಏನಂತಾರೆ ಅಂತ ಪ್ರಾಣ ತಿಂತಿದೀರಿ. ನೀವೇನು ಟೈಲರಾ?"

"ನಾನಲ್ಲ ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮ ಎದುರಿನ ಅಂಗಡಿಯವರು. ನಾನು ಎಷ್ಟು ಕತೆ ಹೇಳಿದ್ರೂ ಅವರ ಮಿಷಿನ್ ನಿಲ್ಲಲ್ಲ. ಹೋದ್ಸಲ ಪಕ್ಕದಲ್ಲಿದ್ದ ಅಜ್ಜೀನ ಕೇಳ್ಕೊಂಡು ಹೋಗಿ ಪ್ಲೀಟ್ಸು ಅಂದೆ ನೋಡಿ, ತಲೆಯೆತ್ತಿ ನನ್ನನ್ನೇ ನೋಡಿದ್ರು."

"ಅದಕ್ಕೆ ಇಷ್ಟೆಲ್ಲಾನಾ?"

"ಇನ್ನೊಂದ್ಸಲ ನೋಡ್ತಾರೇನೋ ಅಂತ."

ಓಲೆಯವಳು ನಕ್ಕಳು. "ಅವರನ್ನ ಇಷ್ಟಪಡ್ತೀರಾ? ಹೇಳಿದೀರಾ?"

"ತುಂಬಾ ಇಷ್ಟ. ಹೇಳೋಕೆ ಧೈರ್ಯ ಇಲ್ಲ. ಸದ್ಯಕ್ಕೆ ತೋಳಿನ ಹೆಸರು ಹೇಳಿ."

"ಪಫ್ ಇರ್ಬೇಕು."

"ಪಫ್ ಅಲ್ಲ," ಹಿಂದಿನ ಸಾಲಿನಿಂದ ಒದ್ದೆ ದನಿಯೊಂದು ಬಂತು. "ಬೆಲ್ ಸ್ಲೀವ್. ಮೊಣಕೈವರೆಗೆ ಬಿಗಿ, ಆಮೇಲೆ ಅಗಲ."

ಅವನು ತಿರುಗಿದ. ಪರದೆಯ ಬೆಳಕು ಪುಟ್ಟಿಯ ಮುಖದ ಮೇಲಿತ್ತು. ಈ ಸಲ ಅವಳು ತಲೆ ತಗ್ಗಿಸಲಿಲ್ಲ.

"ನೀವು ಯಾಕೆ ಬಂದ್ರಿ?" ಅಂದ ತೊದಲುತ್ತಾ.

"ಹೊಟ್ಟೆ ಉರೀತಿತ್ತು, ಬಂದೆ."

"ಯಾರ ಮೇಲೆ?"

"ಆ ಅಜ್ಜಿ ಮೇಲೆ."

ಓಲೆಯವಳು ಬ್ಯಾಗ್ ಎತ್ತಿಕೊಂಡು, "ಬಾರಮ್ಮ, ಇಲ್ಲಿ ಕೂತ್ಕೋ. ನಾನಾದ್ರೂ ನೆಮ್ಮದಿಯಾಗಿ ಸಿನಿಮಾ ನೋಡ್ತೀನಿ" ಅಂತ ಹಿಂದಿನ ಸಾಲಿಗೆ ಹೋದಳು.

ಸಂಜೆ ಇಬ್ಬರೂ ಒಟ್ಟಿಗೆ ಅಂಗಡಿ ಮೆಟ್ಟಿಲು ಹತ್ತಿದಾಗ ಚಿಕ್ಕಮ್ಮ ಸೂಜಿ ಕೆಳಗಿಟ್ಟು, ಅವಳ ಕೈ ಅವನ ಕೈಯಲ್ಲಿರುವುದನ್ನು ಕಂಡೂ ಕಾಣದವಳಂತೆ ಕೇಳಿದಳು.

"ಹೀರೋಯಿನ್ ಏನು ಹಾಕಿದ್ಲೇ, ಪುಟ್ಟಿ?"

ಪುಟ್ಟಿ ಅವನ ಮುಖ ನೋಡಿದಳು.

"ಬಟ್ಟೆ," ಅಂದಳು.

"ಎಂಥ ಬಟ್ಟೆ?"

"ಚೆನ್ನಾಗಿರೋ ಬಟ್ಟೆ, ಚಿಕ್ಕಮ್ಮ."