ಶುಕ್ರವಾರದ ಬಿಲ್ಲೆಗಳು

ಧಡ್!

ಮರದ ಗದೆ ಅವಳ ಕೈಯಿಂದ ಜಾರಿ ನೇರವಾಗಿ ಅವನ ಕಾಲಿನ ಮೇಲೆ ಬಿತ್ತು.

"ಅಯ್ಯೋ!" ಎಂದು ಕೂಗಿದವಳು ಅವಳು. ಪೆಟ್ಟು ತಿಂದವನು ಮಾತ್ರ ತುಟಿ ಕಚ್ಚಿಕೊಂಡು ಸುಮ್ಮನೆ ನಿಂತಿದ್ದ.

ಅದು ನಜರ್‌ಬಾದಿನ ಗರಡಿಮನೆಗೆ ಅಂಟಿಕೊಂಡಿದ್ದ ಸಣ್ಣ ಅಂಗಡಿ. ಮರ ಕಡೆದು ಬುಗುರಿ, ಲಟ್ಟಣಿಗೆ, ಮಂಚದ ಕಾಲು, ಗರಡಿಯ ಹುಡುಗರು ಬೀಸುವ ಗದೆ, ಇಷ್ಟನ್ನೂ ಮಾಡುತ್ತಿದ್ದವನು ಸಿದ್ದರಾಜು. ಇದ್ದುದರಲ್ಲೇ ಸಣ್ಣ ಗದೆಯನ್ನು ಎತ್ತಲು ಹೋಗಿ ಕೆಡವಿದವಳು ವಸಂತಮ್ಮ.

"ಕ್ಷಮಿಸಿ... ತುಂಬಾ ನೋವಾಯ್ತಾ?"

ಅವನು ಅವಳ ಬಲಗೈಯನ್ನೇ ನೋಡುತ್ತಿದ್ದ. ಪೂರ್ತಿ ಮಡಚಲು ಬಾರದ ಆ ಬೆರಳುಗಳನ್ನು, ಒಣಹಾಕಿದ ಬಟ್ಟೆಯಂತೆ ಜೋತುಬಿದ್ದ ಆ ತೋಳನ್ನು.

"ಎಲ್ಲಿವರೆಗೆ ಏಳುತ್ತೆ?" ಎಂದು ಕೇಳಿದ.

ವಸಂತಮ್ಮ ತಬ್ಬಿಬ್ಬಾದಳು. ಎರಡು ತಿಂಗಳಿಂದ ಎಲ್ಲರೂ ಅವಳ ಮುಖ ನೋಡಿ 'ಪಾಪ' ಎಂದಿದ್ದರು. ಕೈಯನ್ನು ನೋಡಿದವರು ಯಾರೂ ಇರಲಿಲ್ಲ!

ಮೆಲ್ಲಗೆ ಎತ್ತಿದಳು. ಎದೆಯ ಮಟ್ಟಕ್ಕೆ ಬಂದ ತೋಳು ಅಲ್ಲೇ ನಡುಗಿ ನಿಂತಿತು.

"ಎಲ್ಲಿವರೆಗೆ ಏಳ್ಬೇಕು?"

"ತಲೆ ಮೇಲೆ ಒಂದು ಮೊಳ," ಎಂದಳು.

ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳು ಆಪರೇಟರ್. ಯಾರೋ ಫೋನ್ ಎತ್ತಿದರೆ ಎದುರಿನ ಬೋರ್ಡಿನಲ್ಲಿ ಸಣ್ಣದೊಂದು ದೀಪ ಹತ್ತುತ್ತದೆ. ಅದರ ಕೆಳಗಿನ ತೂತಿಗೆ ವೈರು ಚುಚ್ಚಿ 'ನಂಬರ್ ಪ್ಲೀಸ್' ಎನ್ನಬೇಕು. ಕೂತಲ್ಲಿಂದಲೇ ಊರಿಗೆ ಊರನ್ನೇ ಮಾತಾಡಿಸುವ ಕೆಲಸ! ಹೊಸದಾಗಿ ಫೋನ್ ಪಡೆದವರ ದೀಪಗಳು ಬೋರ್ಡಿನ ಮೇಲುಸಾಲಿನಲ್ಲಿದ್ದವು. ಜಟಕಾ ಮಗುಚಿ ತೋಳು ಮುರಿದ ದಿನದಿಂದ ಆ ಮೇಲುಸಾಲು ಅವಳ ಪಾಲಿಗೆ ಆಕಾಶವಾಗಿತ್ತು.

"ಸೆಪ್ಟೆಂಬರ್ ಹದಿನಾಲ್ಕು, ಸೋಮವಾರ ನನ್ನ ರಜಾ ಮುಗಿಯುತ್ತೆ. ಅವತ್ತು ಸೂಪರ್‌ವೈಸರ್ ಹಿಂದೆ ನಿಂತು ನೋಡ್ತಾರೆ. ಕೈ ಹೋಗ್ಲಿಲ್ಲ ಅಂದ್ರೆ ಕೆಲಸ ಇಲ್ಲ. ಅಣ್ಣ ಬಂದು ಊರಿಗೆ ಕರ್ಕೊಂಡು ಹೋಗ್ತಾನೆ." ಬೀದಿಯಾಚೆ ಕೈ ತೋರಿಸಿದಳು. "ನಿಮ್ಮ ಎದುರಿಗಿರೋ ಮರದ ಮಂಡಿಗೆ ಹೋದ ವರ್ಷ ಫೋನ್ ಬಂತಲ್ಲ? ಅವರ ದೀಪ ಮೇಲುಸಾಲಿನ ತುದೀಲಿದೆ. ಅಷ್ಟು ಎತ್ತರ."

"ಡಾಕ್ಟರು ಏನಂದ್ರು?"

"ಎಲುಬು ಕೂಡಿದೆ, ಶಕ್ತಿ ನೀನೇ ತಂದ್ಕೋಬೇಕು, ಏನಾದ್ರೂ ಸಣ್ಣ ತೂಕ ಎತ್ತು ಅಂದ್ರು. ಪೇಟೇಲಿರೋದೆಲ್ಲ ಕಬ್ಬಿಣದ ಡಂಬಲ್ಸು, ಹಿಡಿಯೋಕೇ ಆಗ್ಲಿಲ್ಲ. ನಮ್ಮತ್ತೆ ಕುಟ್ಟಾಣಿ ಕೊಟ್ರು. ಅದೂ ಜಾರುತ್ತೆ..."

ಸಿದ್ದರಾಜು ಕೆಳಗೆ ಬಿದ್ದ ಗದೆಯನ್ನು ಎತ್ತಿ ತಿರುಗಿಸಿ ನೋಡಿದ.

"ತಪ್ಪು ನಿಮ್ಮ ಕೈಯದ್ದಲ್ಲ. ಇವೆಲ್ಲ ಪೈಲ್ವಾನರ ಕೈಗೆ ಅಂತ ಕಡೆದಿದ್ದು. ನಿಮ್ಮ ಕೈಗೆ ಅಂತ ಯಾರೂ ಕಡೆದಿಲ್ಲ, ಅಷ್ಟೇ."

ಅಷ್ಟೇ! ಎಷ್ಟು ಸುಲಭವಾಗಿ ಹೇಳಿಬಿಟ್ಟ! ವಸಂತಮ್ಮ ಮೊದಲ ಸಲ ಅವನ ಮುಖ ನೋಡಿದಳು. ಹುಬ್ಬಿನ ತುಂಬ ಮರದ ಹೊಟ್ಟು, ಅದರ ಕೆಳಗೆ ಅಚ್ಚರಿಪಡುವಷ್ಟು ಶಾಂತವಾದ ಎರಡು ಕಣ್ಣು.

* * *

ಅವನು ಕಡೆದ ಮೊದಲ ಹಿಡಿ ಜಾರಿತು. ದಪ್ಪ ಮಾಡಿದ ಎರಡನೆಯದು ಬೆರಳಿಗೆ ಒತ್ತಿತು.

"ನಿಮ್ಮ ಕೈ ಅಚ್ಚು ಸಿಕ್ಕಿದ್ರೆ ಆಗೋದು," ಎಂದು ತಲೆ ಕೆರೆದುಕೊಂಡ. "ಅಖಾಡದ ಮಣ್ಣು ಬೆಣ್ಣೆ ಇದ್ದಂಗೆ ಇರುತ್ತೆ. ಆದ್ರೆ..."

ಆದರೆ ಹೆಂಗಸರು ಗರಡಿಯ ಹೊಸ್ತಿಲು ದಾಟುವಂತಿರಲಿಲ್ಲ.

ಒಳಗಿನಿಂದ ಕೆಮ್ಮು ಕೇಳಿಸಿತು. ಗರಡಿಯ ಉಸ್ತಾದ್ ಶಿವಮಲ್ಲಪ್ಪ, ಎಪ್ಪತ್ತು ದಾಟಿದ ಹಿರಿಯ, ಎರಡು ಕೈಯಲ್ಲೂ ಕೆಂಪು ಮಣ್ಣಿನ ದೊಡ್ಡ ಮುದ್ದೆ ಹಿಡಿದು ಬಂದರು.

"ಹೆಣ್ಮಕ್ಳು ಒಳಗೆ ಬರಬಾರದು ಅಂತ ಕಟ್ಟಳೆ ಕಣಮ್ಮ. ಮಣ್ಣು ಹೊರಗೆ ಹೋಗಬಾರದು ಅಂತ ಯಾರೂ ಹೇಳಿಲ್ಲ! ಹಿಡಿ. ಲೋ ಸಿದ್ದ, ಕೆಲಸ ಆದ್ಮೇಲೆ ವಾಪಸ್ ತಂದು ಹಾಕ್ಬುಡಪ್ಪ, ಅದು ಹನುಮಪ್ಪನ ಮಣ್ಣು."

ತುಪ್ಪ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಮಣ್ಣು ತಣ್ಣಗಿತ್ತು. ವಸಂತಮ್ಮ ಬೆರಳೂರಿದಳು. ಸೋತ ಬೆರಳುಗಳು ಸುಮ್ಮನೆ ನಿಂತವು. ಸಿದ್ದರಾಜು ಒಮ್ಮೆ ಅವಳ ಕಣ್ಣು ನೋಡಿದ, ಅನುಮತಿ ಕೇಳುವಂತೆ. ಅವಳು ತಲೆಯಾಡಿಸಿದಳು. ಅವನು ಒಂದೊಂದೇ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದ.

ಕೈ ತೆಗೆದಾಗ ಮಣ್ಣಿನಲ್ಲಿ ಅವಳ ಮುಷ್ಟಿ ಉಳಿದಿತ್ತು. ನೆಟ್ಟಗಿನ ಬೆರಳು, ಸೊಟ್ಟ ಬೆರಳು, ಅಂಗೈಯ ಗೆರೆ ಸಮೇತ. ಒಡಕು ಪಾತ್ರೆ ಅಂದುಕೊಂಡಿದ್ದ ತನ್ನ ಕೈಗೆ ಇಷ್ಟು ಚೆಂದದ ಆಕಾರವಿತ್ತೇ!

ವಾರದೊಳಗೆ ಗದೆ ಸಿದ್ಧವಾಯಿತು. ಹೊನ್ನೆ ಮರದ್ದು, ಮೊಳಕ್ಕಿಂತ ಕಡಿಮೆ ಉದ್ದ. ಹಿಡಿಯ ತಗ್ಗುಗಳಲ್ಲಿ ಅವಳ ಬೆರಳುಗಳು ಮನೆಗೆ ಬಂದಂತೆ ಕೂತವು. ಕೈಬಿಟ್ಟರೂ ಬೀಳದ ಹಾಗೆ ಅಂಗೈ ಹಿಂದೆ ಒಂದು ಚರ್ಮದ ಪಟ್ಟಿ.

"ಗದೆ ಹೊಟ್ಟೆ, ಈ ಉಬ್ಬಿನ ಹತ್ರ ಹಿಡಿದ್ರೆ ಹಗುರ. ಕತ್ತು ಹಿಡಿದ್ರೆ ಸ್ವಲ್ಪ ಭಾರ. ಹಿಡೀಲಿ ಹಿಡಿದ್ರೆ ಇನ್ನೂ ಭಾರ," ಎಂದು ತೋರಿಸಿದ. "ದಿನಾ ಮೂರೂ ಥರ ಮಾಡಿ."

"ಇದು ಎಷ್ಟು ತೂಕ?"

ಅವನು ಒಂದು ಕ್ಷಣ ತಡೆದ. "ಅರ್ಧ ಸೇರು."

ಆ ಒಂದು ಕ್ಷಣವನ್ನು ಅವಳು ಗಮನಿಸಲಿಲ್ಲ. ಗಮನಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

* * *

ಪ್ರತಿ ಶುಕ್ರವಾರ ಅವಳು ಗದೆಯನ್ನು ಅಂಗಡಿಗೆ ತರಬೇಕು, ಅವನು ಒಳಗೆ ಒಯ್ದು ಎಣ್ಣೆ ಹಚ್ಚಿ ಕೊಡಬೇಕು. ಹಾಗೆಂದು ಅವನೇ ಹೇಳಿದ್ದ. ಅವಳು ಬೆಂಚಿನ ಮೇಲೆ ಕೂತು ಎಕ್ಸ್‌ಚೇಂಜಿನ ಕಥೆ ಹೇಳುತ್ತಿದ್ದಳು. ಫೋನಿನಲ್ಲೂ ಕೈಮುಗಿದು ಮಾತಾಡುವ ಸಾಹುಕಾರರ ಕಥೆ, ಬೈದುಕೊಂಡು ಮತ್ತೆ ಅದೇ ನಂಬರು ಕೇಳುವ ಗಂಡ ಹೆಂಡಿರ ಕಥೆ. ಅವನು ಕಡಿಮೆ ಮಾತಾಡುತ್ತಿದ್ದ, ಹೆಚ್ಚು ನಗುತ್ತಿದ್ದ.

'ಇವನು ನಕ್ಕರೆ ಅಂಗಡಿಗೆ ಇನ್ನೊಂದು ಕಿಟಕಿ ತೆರೆದ ಹಾಗೆ...' ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ತಾನೇ ಬೆಚ್ಚುತ್ತಿದ್ದಳು.

ಮನೆಯಲ್ಲಿ ಸೋದರತ್ತೆ ತಿಮ್ಮಮ್ಮ ಬಿಡುತ್ತಿರಲಿಲ್ಲ. "ಅದೇನೇ ವಾರವಾರ ಎಣ್ಣೆ! ನನ್ ತಲೆಗೂ ಅಷ್ಟು ಎಣ್ಣೆ ಕಂಡಿಲ್ಲ ಕಣೇ!"

ಆದರೆ ಗೋಡೆಯ ಕ್ಯಾಲೆಂಡರ್ ಬೇರೆಯದೇ ಮಾತು ಹೇಳುತ್ತಿತ್ತು. ದಿನಕ್ಕೆ ಎಷ್ಟು ಸಲ ಎತ್ತಿದೆ ಎಂದು ವಸಂತಮ್ಮ ಅದರಲ್ಲಿ ಬರೆಯುತ್ತಿದ್ದಳು. ಮೊದಲ ದಿನ ಹತ್ತು. ಎರಡನೆಯ ವಾರ ಹತ್ತು. ನಾಲ್ಕನೆಯ ವಾರ ಒಂಬತ್ತು! ಆರನೆಯ ವಾರ ಮತ್ತೆ ಹತ್ತು. ಹತ್ತಾದೊಡನೆ ತೋಳು ಮೊದಲಿನಂತೆಯೇ ನಡುಗುತ್ತಿತ್ತು. ಬರಿಗೈ ಎತ್ತಿ ನೋಡುವ ಧೈರ್ಯವೇ ಅವಳಿಗೆ ಬರಲಿಲ್ಲ.

ಅದೇ ಅರ್ಧ ಸೇರು. ಅದೇ ನಡುಕ. ಇದರ ಅರ್ಥ ಏನು? ಒಂದೇ ಅರ್ಥ...

ಪರೀಕ್ಷೆಗೆ ಎರಡು ದಿನ ಉಳಿದಿತ್ತು. ಶನಿವಾರ ಅವಳು ಗದೆಯನ್ನು ಅವನ ಬೆಂಚಿನ ಮೇಲಿಟ್ಟಳು.

"ತಗೊಳ್ಳಿ. ಸಾಕು."

"ಯಾಕೆ? ಚೆನ್ನಾಗಿ ಆಗ್ತಿದೆಯಲ್ಲ..."

"ಚೆನ್ನಾಗಾ?" ಅವಳ ಧ್ವನಿ ಒಡೆಯಿತು. "ಆರು ವಾರದ ಹಿಂದೆ ಹತ್ತು ಸಲ ಎತ್ತುತ್ತಿದ್ದೆ. ಇವತ್ತೂ ಹತ್ತೇ. ನಾನೇನು ದಡ್ಡಿನಾ? ಪ್ರತಿ ವಾರ ಚೆನ್ನಾಗಿದೆ ಚೆನ್ನಾಗಿದೆ ಅಂತ ಹೇಳಿದ್ರಲ್ಲ, ಕನಿಕರಾನಾ? ನೀವಾದ್ರೂ ನನ್ನ ಕೈ ನೋಡ್ತೀರಿ ಅಂದ್ಕೊಂಡಿದ್ದೆ. ನೀವೂ 'ಪಾಪ' ಅಂದ್ಬುಟ್ರಿ!"

ಸಿದ್ದರಾಜು ಬಾಯಿ ತೆರೆದ. ಗರಡಿಯ ಬಾಗಿಲ ಕಡೆ ಒಮ್ಮೆ ನೋಡಿದ. ಮತ್ತೆ ಬಾಯಿ ಮುಚ್ಚಿದ.

"ರಾಜೀನಾಮೆ ಬರೆದಿಟ್ಟಿದ್ದೀನಿ. ಸೋಮವಾರ ಕೊಡ್ತೀನಿ," ಎಂದು ಹೇಳಿ ಅವಳು ಹೊರಟುಹೋದಳು. ಒಂದು ಮಾತು... ಒಂದೇ ಒಂದು ಮಾತು ಆಡಬಾರದಿತ್ತೇ ಅವನು?

ಬಾಗಿಲ ಹಿಂದಿನಿಂದ ಉಸ್ತಾದರು ಹೊರಗೆ ಬಂದರು.

"ಏನೋ ಮೂಗನಂಗೆ ನಿಂತ್ಬುಟ್ಟೆ!"

"ಎತ್ತೋರಿಗೆ ತೂಕ ಹೇಳಬಾರದು ಅಂತ ನೀವೇ ಅಲ್ವಾ ಕಲಿಸಿದ್ದು? ಭಾರ ಗೊತ್ತಾದ್ರೆ ಕೈಗಿಂತ ಮೊದಲು ಮನಸ್ಸು ಸೋಲುತ್ತೆ ಅಂತ?"

"ಕುಸ್ತಿ ಹುಡುಗರಿಗೆ ಹೇಳಿದ್ದು ಕಣೋ ಅದು! ಅವು ಕೊಬ್ಬಿದ ಗೂಳಿಗಳು. ಆ ಮಗು ಲೆಕ್ಕ ಇಟ್ಕೊಂಡು ಅಳ್ತಾ ಕೂತದೆ." ಮುದುಕರು ಕಪಾಟಿನ ಮೂಲೆಯಲ್ಲಿದ್ದ ಮಣ್ಣಿನ ಅಚ್ಚಿನತ್ತ ಬೆರಳು ಮಾಡಿದರು. "ಅದಿರ್ಲಿ, ಆರು ವಾರದಿಂದ ನನ್ನ ಮಣ್ಣು ವಾಪಸ್ ಕೊಡ್ಲಿಲ್ವಲ್ಲ, ಅದೂ ನಾನೇ ಕಲಿಸಿದ್ನಾ?"

ಸಿದ್ದರಾಜು ಕಿವಿಯವರೆಗೂ ಕೆಂಪಾದ.

* * *

ಭಾನುವಾರ ಬೆಳಿಗ್ಗೆ ತಿಮ್ಮಮ್ಮ ಬಾಗಿಲು ತೆರೆದಾಗ, ಒಗೆದ ಅಂಗಿ ತೊಟ್ಟು, ಒದ್ದೆ ತಲೆ ಬಾಚಿ, ಗದೆ ಹಿಡಿದು ನಿಂತ ಗಂಡಸೊಬ್ಬ ಕಂಡ.

"ಯಾರಪ್ಪ ನೀನು? ಭೀಮಸೇನನ ಕಡೆಯವನಾ?"

"ಎಣ್ಣೆ ಹಚ್ಚೋನು, ಅತ್ತೆ," ಎಂದಳು ಒಳಗಿನಿಂದ ಬಂದ ವಸಂತಮ್ಮ, ಮುಖ ಬಿಗಿದುಕೊಂಡೇ. "ಏನು ಬೇಕಂತೆ ಕೇಳಿ."

"ಏನೂ ಬೇಡ. ಒಂದು ತಪ್ಪು ಒಪ್ಪಿಸ್ಬೇಕು."

ಅವನು ಜಗಲಿಯ ಮೇಲೆ ಕೂತು ಗದೆಯ ಬುಡವನ್ನು ಎರಡೂ ಕೈಯಿಂದ ತಿರುಗಿಸಿದ. ಬುಡ ಮುಚ್ಚಳದಂತೆ ಕಳಚಿಕೊಂಡಿತು! ಒಳಗೆ ಟೊಳ್ಳು. ಟೊಳ್ಳಿನೊಳಗೆ ಸದ್ದಾಗದಂತೆ ಬಟ್ಟೆ ಸುತ್ತಿದ ಏನೋ.

ಒಂದು ಬಿಲ್ಲೆ ಜಗಲಿಯ ಮೇಲೆ ಬಿತ್ತು. ಸೀಸದ್ದು.

"ಇದು ಮೊದಲನೇ ಶುಕ್ರವಾರ ಹಾಕಿದ್ದು. ಕಾಲು ಸೇರು."

ಎರಡನೆಯದು ಬಿತ್ತು. "ಇದು ಎರಡನೇ ಶುಕ್ರವಾರ."

ಮೂರು. ನಾಲ್ಕು. "ಇದನ್ನ ಹಾಕಿದ ವಾರ ನಿಮಗೆ ಬಹಳ ಕಷ್ಟ ಆಯ್ತು. ತೆಗೆದ್ಬಿಡೋಣ ಅಂದ್ಕೊಂಡೆ. ನೀವೇ ಗೆದ್ರಿ." ಐದು. ಆರು.

ಆರು ಬೂದು ಬಿಲ್ಲೆಗಳು ಬಿಸಿಲಿನಲ್ಲಿ ಸಾಲಾಗಿ ಕೂತಿದ್ದವು.

"ಮೊದಲ ದಿನ ಅರ್ಧ ಸೇರು. ಅದು ಸುಳ್ಳಲ್ಲ. ನಿನ್ನೆ ನೀವು ಹತ್ತು ಸಲ ಎತ್ತಿದ್ದು ಎರಡು ಸೇರು."

ವಸಂತಮ್ಮ ಬಗ್ಗಿ ಒಂದು ಬಿಲ್ಲೆ ಮುಟ್ಟಿದಳು. ಆಮೇಲೆ ಇನ್ನೊಂದು. ಎಡಗೈಯಲ್ಲಿ ಆರನ್ನೂ ಸೇರಿಸಿ ಎತ್ತಿದಳು. ಇಷ್ಟು ಭಾರವೇ! ಇಷ್ಟನ್ನೂ ಈ ಸೋತ ಕೈ ಹೊತ್ತಿತ್ತೇ? ಅವಳು ಅಳುತ್ತಿದ್ದಾಗ, ಬರೆಯುತ್ತಿದ್ದಾಗ, ಬೈಯುತ್ತಿದ್ದಾಗ, ಅವಳಿಗೇ ಹೇಳದೆ ಈ ಕೈ ಬೆಳೆಯುತ್ತಿತ್ತೇ?

ಸಿದ್ದರಾಜು ಬುಡ ತಿರುಗಿಸಿ ಮುಚ್ಚಿ ಖಾಲಿ ಗದೆಯನ್ನು ಅವಳ ಕೈಗೆ ಕೊಟ್ಟ. "ಈಗ ಎತ್ತಿ."

ಅವಳು ಎತ್ತಿದಳು... ಎತ್ತಿದ್ದಲ್ಲ, ತೋಳೇ ಹಾರಿತು! ಎದೆ ದಾಟಿತು, ಭುಜ ದಾಟಿತು, ತಲೆ ದಾಟಿತು. ಗಣೇಶನ ಹಬ್ಬಕ್ಕೆ ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣಕ್ಕೆ ಗದೆ ಬಡಿದು ಒಣಗಿದ ಎಲೆಗಳು ಅವಳ ತಲೆಯ ಮೇಲೆ ಪರಪರನೆ ಉದುರಿದವು.

"ಅಮ್ಮಯ್ಯ!" ಎಂದು ತಿಮ್ಮಮ್ಮ ಕಣ್ಣಿಗೆ ಸೆರಗೊತ್ತಿಕೊಂಡರು. ಮರುಕ್ಷಣವೇ, "ನನ್ ತೋರಣ ಕಿತ್ತಾಕ್ಬುಟ್ಟಲ್ಲೇ!"

ವಸಂತಮ್ಮ ಕೈ ಇಳಿಸಲೇ ಇಲ್ಲ. ತಲೆ ಮೇಲಿದ್ದ ತನ್ನ ಕೈಯನ್ನು ನೋಡುತ್ತ ನಿಂತಳು, ಮೊದಲ ಸಲ ಚಾಮುಂಡಿ ಬೆಟ್ಟದ ದೀಪಗಳನ್ನು ಕಂಡ ಮಗುವಿನಂತೆ. ಕೆನ್ನೆ ಒದ್ದೆಯಾಗಿತ್ತು.

ಸ್ವಲ್ಪ ಹೊತ್ತಿಗೆ ಕೋಪ ಮರಳಿತು.

"ಆರು ವಾರ ಅಳಿಸಿದ್ರಿ ನನ್ನ!"

"ತಪ್ಪಾಯ್ತು. ಭಾರ ಗೊತ್ತಾದ್ರೆ ಮನಸ್ಸು ಮೊದಲು ಸೋಲುತ್ತೆ ಅಂತ ಗರಡೀಲಿ ಪೈಲ್ವಾನರಿಗೆ ಹೇಳಲ್ಲ."

"ನಾನು ಪೈಲ್ವಾನ್ ಅಲ್ಲ. ನಂಗೆ ಲೆಕ್ಕ ಬೇಕು. ಆಸ್ಪತ್ರೇಲಿ ನನ್ನ ಥರ ಎಷ್ಟು ಜನ ಇದ್ದಾರೆ ಗೊತ್ತಾ? ಅವರಿಗೂ ಮಾಡಿ. ಆದ್ರೆ ಬಿಲ್ಲೆ ಹೊಟ್ಟೆಯೊಳಗೆ ಬಚ್ಚಿಡಬೇಡಿ. ಹೊರಗೆ ಬಳೆ ಥರ ಹಾಕಿ. ಎಷ್ಟು ಹೊತ್ತೆ ಅಂತ ಹೊತ್ತವರ ಕಣ್ಣಿಗೆ ಕಾಣ್ಬೇಕು."

ಸಿದ್ದರಾಜು ಅವಳನ್ನು ಬೆರಗಿನಿಂದ ನೋಡಿದ. ಬಳೆಯಂತೆ! ಇಪ್ಪತ್ತು ವರ್ಷ ಮರ ಕಡೆದ ತನಗೆ ಹೊಳೆಯದ್ದು!

"ಹೂಂ. ಬಳೆ ಥರ."

"ಇನ್ಮೇಲೆ ನಂಗೆ ಹೇಳದೆ ಒಂದು ಗುಲಗಂಜಿ ಭಾರಾನೂ ಹಾಕ್ಕೂಡದು. ಮಾತು ಕೊಡಿ."

"ಕೊಟ್ಟೆ," ಎಂದ. ಇನ್ನೇನೋ ಹೇಳಲು ಹೊರಟು ತಿಮ್ಮಮ್ಮನನ್ನು ನೋಡಿ ನುಂಗಿಕೊಂಡ. "ನಾಳೆ... ಎಷ್ಟು ಗಂಟೆಗೆ?"

"ಹತ್ತೂವರೆಗೆ."

* * *

ಸೋಮವಾರ ಹತ್ತೂವರೆ. ಸೂಪರ್‌ವೈಸರ್ ಸುಂದರಮ್ಮ ಕನ್ನಡಕ ಏರಿಸಿಕೊಂಡು ಅವಳ ಹಿಂದೆ ನಿಂತರು. ರಾಜೀನಾಮೆ ಪತ್ರ ವಸಂತಮ್ಮನ ಚೀಲದಲ್ಲೇ ಇತ್ತು. ಹರಿಯಲು ಧೈರ್ಯ ಬಂದಿರಲಿಲ್ಲ.

ಕೆಳಸಾಲಿನಲ್ಲಿ ದೀಪ ಹತ್ತಿತು. ಚುಚ್ಚಿದಳು. ನಡುಸಾಲು. ಚುಚ್ಚಿದಳು. ಸುಂದರಮ್ಮನ ಉಸಿರು ಅವಳ ಕತ್ತಿಗೆ ತಾಗುತ್ತಿತ್ತು.

ಆಗ, ಬೋರ್ಡಿನ ಮೇಲುಸಾಲಿನ ತುತ್ತತುದಿಯಲ್ಲಿ, ಸಣ್ಣ ನಕ್ಷತ್ರದಂತೆ ಒಂದು ದೀಪ ಹತ್ತಿತು.

ಮರದ ಮಂಡಿ!

ತೋಳು ಎದ್ದಿತು. ಎದೆ, ಭುಜ, ತಲೆ... ಒಂದು ಮೊಳ. ಬೆರಳು ನಡುಗಿದವು, ಆದರೆ ವೈರನ್ನು ಬಿಡಲಿಲ್ಲ. ಟಕ್! ಸರಿಯಾಗಿ ಕೂತಿತು.

"ನಂಬರ್ ಪ್ಲೀಸ್?"

"ಹಲೋ!!" ಕಿವಿ ಕಿತ್ತುಹೋಗುವಂತೆ ಯಾರೋ ಅರಚಿದರು. ಹುಟ್ಟಿದಾಗಿನಿಂದ ಫೋನ್ ಮುಟ್ಟದವನ ಅರಚಾಟ. "ನಾನು... ನಾನು ಸಿದ್ದರಾಜು!"

ವಸಂತಮ್ಮನ ಹಿಂದೆ ಸುಂದರಮ್ಮ ಅಲುಗದೆ ನಿಂತಿದ್ದರು. "ನಂಬರ್ ಹೇಳಿ ಸ್ವಾಮಿ," ಎಂದಳು, ಆದಷ್ಟು ಗಂಭೀರವಾಗಿ.

"ನಂಬರ್ ಯಾವುದೂ ಬೇಡ. ಕೈ ಬಂತಲ್ಲ ಇಲ್ಲೀವರ್ಗೂ?"

"...ಬಂತು ಸ್ವಾಮಿ."

ಆ ಕಡೆಯ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಹೇಳದೆ ಭಾರ ಹಾಕಲ್ಲ ಅಂತ ಮಾತು ಕೊಟ್ಟಿದ್ದೆ. ಅದಕ್ಕೇ ಹೇಳ್ತಿದ್ದೀನಿ. ನಿಮ್ಮ ಕೈ ಅಚ್ಚಿನ ಮಣ್ಣು ಒಣಗಿ ಬಿರುಕು ಬಿಟ್ಟಿದೆ. ಆದ್ರೂ ವಾಪಸ್ ಕೊಡೋಕೆ ಮನಸ್ಸು ಬರ್ತಿಲ್ಲ. ದಿನಾ ನೋಡ್ತೀನಿ. ನಿಮ್ಮನ್ನ ಕೇಳೋಕೆ ನಿಮ್ಮತ್ತೆ ಹತ್ರ ಬರ್ಲಾ? ಬೇಡ ಅಂದ್ರೆ ಮಣ್ಣು ಇವತ್ತೇ ಅಖಾಡಕ್ಕೆ ಹಾಕ್ತೀನಿ..."

ತಲೆ ಮೇಲಿನ ಆ ಪುಟ್ಟ ದೀಪ ಅವಳ ಕಣ್ಣೀರಿನಲ್ಲಿ ಎರಡಾಯಿತು, ನಾಲ್ಕಾಯಿತು. ಮೇಲುಸಾಲಿಗೆ ಮೇಲುಸಾಲೇ ಹೊತ್ತಿಕೊಂಡಂತೆ ಕಂಡಿತು.

"ಯಾಕೆ, ಲೈನು ಸರಿಯಿಲ್ವಾ?" ಎಂದು ಕೇಳಿದರು ಸುಂದರಮ್ಮ.

"ಬಹಳ ಚೆನ್ನಾಗಿದೆ ಮೇಡಂ," ಎಂದಳು ವಸಂತಮ್ಮ.

ಸುಂದರಮ್ಮ ಪುಸ್ತಕದಲ್ಲಿ ಏನೋ ಗೀಚಿ, "ಕೈ ಸರಿಯಾಗಿದೆ" ಎಂದು ಮುಂದಿನ ಬೋರ್ಡಿನ ಕಡೆ ನಡೆದರು.

ವಸಂತಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಅದು ಬಲಗೈ ಎಂಬುದು ಅವಳಿಗೇ ಗೊತ್ತಾಗಲಿಲ್ಲ.

"ರೀ... ಮಣ್ಣು ಅಲ್ಲೇ ಇರ್ಲಿ."

"ಅಂದ್ರೆ?"

"ಅಂದ್ರೆ ಸಂಜೆ ಬನ್ನಿ. ಬರುವಾಗ ಅತ್ತೆಗೆ ಹೊಸ ಮಾವಿನ ತೋರಣ ತನ್ನಿ."